ಹಿಮದ ಘಟ್ಟದ ಸಂತ ಬರ್ನಾರ್ಡರು

ಹನ್ನೊಂದನೆಯ ಶತಮಾನದಲ್ಲಿ ಆಲ್ಪ್ಸ್ ಪರ್ವತ ದಾಟಿ ರೋಮಿಗೆ ಹೋಗುವ ಯಾತ್ರಿಕರಿಗೆ ಎರಡು ಭಯ: ದರೋಡೆಕೋರರು ಮತ್ತು ಹಿಮ. ಇಟಲಿಯ ಆವೋಸ್ತಾ ಧರ್ಮಪ್ರಾಂತ್ಯದ ಆರ್ಚ್‌ಡೀಕನ್ ಆಗಿದ್ದ ಸಂತ ಬರ್ನಾರ್ಡರು ಅವರ ಪಾಡು ಕಂಡು ಮರುಗಿದರು. ಸುಮಾರು 1050ರಲ್ಲಿ, 2,469 ಮೀಟರ್ ಎತ್ತರದ ಘಟ್ಟದ ನೆತ್ತಿಯಲ್ಲೇ ಛತ್ರವೊಂದನ್ನು ಸ್ಥಾಪಿಸಿದರು. ಬಂದವರು ಯಾರೇ ಆಗಲಿ, ಅಲ್ಲಿ ಊಟ, ಬೆಂಕಿ, ಹಾಸಿಗೆ ಸಿಗುತ್ತಿತ್ತು. 1080ರ ದಶಕದಲ್ಲಿ ಅವರು ನೊವಾರಾದಲ್ಲಿ ದೈವಾಧೀನರಾದರು.

ಅವರ ನಂತರವೂ ಛತ್ರದ ಗುರುಗಳು ಬಿರುಗಾಳಿಯಲ್ಲೇ ಹೊರಟು ದಾರಿ ತಪ್ಪಿದವರನ್ನು ಹುಡುಕಿ ತರುತ್ತಿದ್ದರು. ಮುಂದೆ ನಾಯಿಗಳೂ ಜೊತೆಯಾದವು. 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿ ನಲವತ್ತಕ್ಕೂ ಹೆಚ್ಚು ಜೀವ ಉಳಿಸಿತೆಂದು ಹೇಳುತ್ತಾರೆ. ಸ್ವತಃ ಪರ್ವತಾರೋಹಿಯಾಗಿದ್ದ ಜಗದ್ಗುರು ಹನ್ನೊಂದನೆಯ ಪಿಯುಸರು 1923ರಲ್ಲಿ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು.

ಈಗ ಚಳಿಗಾಲದಲ್ಲಿ ಆ ಘಟ್ಟಕ್ಕೆ ಬರುವವರು ಹೆಚ್ಚಾಗಿ ವಿಹಾರಕ್ಕೆ ಬರುವ ಸ್ಕೀ ಪ್ರಿಯರು. ಕಡಿದಾದ ಇಳಿಜಾರಿನಲ್ಲಿ ಸಡಿಲ ಪದರದ ಮೇಲೆ ಕೂತ ಹಿಮ ಒಬ್ಬರ ಭಾರಕ್ಕೇ ಒಡೆದು ಜಾರಬಹುದು. ಹಿಮಕುಸಿತಕ್ಕೆ ಸಿಕ್ಕಿ ಸತ್ತವರಲ್ಲಿ ಹೆಚ್ಚಿನವರ ಮೇಲೆ ಕುಸಿದದ್ದು ಅವರೇ ಇಲ್ಲವೇ ಜೊತೆಗಾರರೇ ಕದಲಿಸಿದ ಹಿಮ. ಹೂತುಹೋದವರಿಗೆ ಉಸಿರು ಉಳಿಯುವುದು ಹೆಚ್ಚಾಗಿ ಮೊದಲ ಹತ್ತು, ಹದಿನೈದು ನಿಮಿಷ ಮಾತ್ರ. ಹೆಲಿಕಾಪ್ಟರ್ ಬರುವ ಮೊದಲೇ ಪಕ್ಕದವರು ಸಲಿಕೆ ಹಿಡಿದು ಅಗೆಯಬೇಕು. ಹೊರಡುವ ಮುನ್ನ ಹಿಮಕುಸಿತದ ಎಚ್ಚರಿಕೆ ಓದಬೇಕು, ಸಂಶಯ ಬಂದರೆ ಹಿಂದಿರುಗಬೇಕು.

ಬರ್ನಾರ್ಡರು ಅಪಾಯ ಇರುವಲ್ಲಿಗೇ ಹೋಗಿ ನೆರವಿನ ಬಾಗಿಲು ತೆರೆದರು. ಮಕ್ಕಳನ್ನು ಬೆಟ್ಟಕ್ಕೆ ಕಳುಹಿಸುವ ತಂದೆತಾಯಂದಿರು ಅವರಿಗೆ ಜೊತೆಗಾರರನ್ನು ಬಿಟ್ಟು ಬರಬಾರದೆಂಬ ಪಾಠವನ್ನೂ ಕಲಿಸಿ ಕಳುಹಿಸಲಿ.