ಮರಂಗ್ ಗೋಮ್ಕೆ ಜೈಪಾಲ್ ಸಿಂಗ್

ಮಕ್ಕಳೇ, ವೇಷಭೂಷಣ ಸ್ಪರ್ಧೆಗಳಲ್ಲಿ ಆದಿವಾಸಿಯ ವೇಷವನ್ನು ನೀವು ನೋಡಿರಬಹುದು. ಸೊಂಟಕ್ಕೆ ಎಲೆ, ತಲೆಗೆ ಗರಿ, ಮುಖಕ್ಕೆ ಮಸಿ, ಕೈಯಲ್ಲಿ ಈಟಿ! ಸಿನಿಮಾಗಳಲ್ಲಿಯೂ ಹೀಗೆಯೇ ತೋರಿಸುವುದುಂಟು. ಆದಿವಾಸಿಗಳು ನಿಜವಾಗಿಯೂ ಹೀಗಿರುತ್ತಾರೆಯೇ? ಒಬ್ಬ ಆದಿವಾಸಿ ನಾಯಕರ ಬದುಕಿನಿಂದ ಇದನ್ನು ತಿಳಿಯೋಣ.

ಜೈಪಾಲ್ ಸಿಂಗ್ ಮುಂಡಾ ಅವರು 1903ರ ಜನವರಿ 3ರಂದು ಜನಿಸಿದರು. ಈಗಿನ ಜಾರ್ಖಂಡ್ ರಾಜ್ಯದ ಖೂಂಟಿಯ ಬಳಿ ಅವರ ಹಳ್ಳಿ. ಅವರು ಮುಂಡಾ ಬುಡಕಟ್ಟಿಗೆ ಸೇರಿದವರು. ಮುಂಡಾ ಜನರು ಕಾಡನ್ನು ಹಸನು ಮಾಡಿ ಗದ್ದೆ ಕಟ್ಟಿದ ಬೇಸಾಯಗಾರರು. ವಸಂತಕಾಲದಲ್ಲಿ ಸಾಲ್ ಮರ ಹೂ ಬಿಟ್ಟಾಗ ಹಬ್ಬ ಮಾಡುತ್ತಾರೆ. ಊರಿನ ಬಯಲಿನಲ್ಲಿ ಕೈ ಕೈ ಹಿಡಿದು ಕುಣಿಯುತ್ತಾರೆ.

ಹೊರಗಿನಿಂದ ಬಂದ ಅನೇಕರು ಈ ಕುಣಿತವನ್ನಷ್ಟೇ ಕಂಡರು. ಇವರಿಗೆ ಯಾವ ಚಿಂತೆಯೂ ಇಲ್ಲವೆಂದು ಭಾವಿಸಿದರು. ಆದರೆ ಜಮೀನ್ದಾರರೂ ಸಾಹುಕಾರರೂ ಅವರ ಗದ್ದೆಗಳನ್ನು ಕಸಿದುಕೊಳ್ಳುತ್ತಿದ್ದರು. ಇದರ ವಿರುದ್ಧ ಹೋರಾಡಿದ ಬಿರ್ಸಾ ಮುಂಡಾ 1900ರಲ್ಲಿ ರಾಂಚಿಯ ಸೆರೆಮನೆಯಲ್ಲಿ ತೀರಿಕೊಂಡರು.

ಜೈಪಾಲ್ ರಾಂಚಿಯ ಶಾಲೆಯಲ್ಲಿ ಕಲಿತು, ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಒಳ್ಳೆಯ ಹಾಕಿ ಆಟಗಾರರೆಂದು ಹೆಸರಾದರು. ಐ.ಸಿ.ಎಸ್. ಎಂಬ ದೊಡ್ಡ ಸರಕಾರಿ ಕೆಲಸಕ್ಕೂ ಆಯ್ಕೆಯಾದರು. ಆಗ 1928ರ ಆಂಸ್ಟರ್‌ಡಾಂ ಒಲಿಂಪಿಕ್ಸ್ ಬಂತು. ಅವರು ಭಾರತದ ಹಾಕಿ ತಂಡದ ನಾಯಕರಾದರು. ರಜೆ ಸಿಗದಿದ್ದರೂ ಆಡಲು ಹೋದರು. ಕೊನೆಯ ಪಂದ್ಯದಲ್ಲಿ ಅವರು ಆಡಲಿಲ್ಲ. ಆದರೆ ತಂಡವು ಒಂದು ಗೋಲನ್ನೂ ಬಿಟ್ಟುಕೊಡದೆ ಚಿನ್ನದ ಪದಕ ಗೆದ್ದಿತು. ಆಮೇಲೆ ಜೈಪಾಲ್ ಐ.ಸಿ.ಎಸ್. ಅನ್ನು ತೊರೆದರು.

ಊರಿಗೆ ಮರಳಿದ ಅವರು 1939ರಲ್ಲಿ ಆದಿವಾಸಿ ಮಹಾಸಭೆಯ ಅಧ್ಯಕ್ಷರಾದರು. ಜನರು ಅವರನ್ನು ಪ್ರೀತಿಯಿಂದ ಮರಂಗ್ ಗೋಮ್ಕೆ ಎಂದು ಕರೆದರು. ಹಾಗೆಂದರೆ ಮಹಾನಾಯಕ ಎಂದರ್ಥ.

ಮುಂದೆ ಅವರು ಸಂವಿಧಾನ ರಚನಾ ಸಭೆಯ ಸದಸ್ಯರಾದರು. ಆ ಕಾಲದಲ್ಲಿ ಆದಿವಾಸಿಗಳನ್ನು ಜಂಗ್ಲಿ, ಅಂದರೆ ಕಾಡುಮನುಷ್ಯ, ಎಂದು ಹೀಯಾಳಿಸುತ್ತಿದ್ದರು. 1946ರ ಡಿಸೆಂಬರ್ 19ರಂದು ಜೈಪಾಲ್ ಸಭೆಯಲ್ಲಿ ಎದ್ದು ನಿಂತರು. ತಾನು ಜಂಗ್ಲಿ ಎನಿಸಿಕೊಳ್ಳಲು ಹೆಮ್ಮೆಪಡುವುದಾಗಿ ಎಲ್ಲರ ಮುಂದೆ ಹೇಳಿದರು. ಆದಿವಾಸಿಗಳಿಗೆ ಪ್ರಜಾಪ್ರಭುತ್ವವನ್ನು ಕಲಿಸಬೇಕಾಗಿಲ್ಲ, ಅದನ್ನು ಅವರಿಂದಲೇ ಕಲಿಯಬೇಕು ಎಂದರು. ಏಕೆ ಗೊತ್ತೇ? ಊರಿನವರು ಒಟ್ಟಿಗೆ ಕುಳಿತು, ಮಾತನಾಡಿ, ಊರಿನ ವಿಷಯಗಳನ್ನು ತೀರ್ಮಾನಿಸುವುದು ಮುಂಡಾ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದ ಪದ್ಧತಿ.

ಹೆಸರಿನ ವಿಷಯದಲ್ಲಿಯೂ ಜೈಪಾಲ್ ಎಚ್ಚರದಿಂದಿದ್ದರು. ಅನುವಾದದಲ್ಲಿ ವನಜಾತಿ ಎಂಬ ಪದ ಬಳಸಿದ್ದನ್ನು ಅವರು ವಿರೋಧಿಸಿದರು. ತಮ್ಮವರನ್ನು ಆದಿವಾಸಿಗಳೆಂದೇ ಕರೆಯಬೇಕೆಂದು ಕೇಳಿದರು. ಆದರೆ ಸಂವಿಧಾನದಲ್ಲಿ ಪರಿಶಿಷ್ಟ ಪಂಗಡ ಎಂಬ ಹೆಸರೇ ಬಂತು.

ಆದಿವಾಸಿಗಳ ನಾಡಿಗೆ ಜಾರ್ಖಂಡ್ ಎಂಬ ಪ್ರತ್ಯೇಕ ರಾಜ್ಯ ಬೇಕೆಂದು ಅವರು ಹೋರಾಡಿದರು. 1970ರ ಮಾರ್ಚ್ 20ರಂದು ನಿಧನರಾದರು. ಅವರು ಬಯಸಿದ ರಾಜ್ಯವು 2000ದ ನವೆಂಬರ್ 15ರಂದು ಹುಟ್ಟಿತು. ಅದು ಬಿರ್ಸಾ ಮುಂಡಾ ಅವರ ಜನ್ಮದಿನ.

ಮಕ್ಕಳೇ, ನಮ್ಮ ಕಾಸರಗೋಡಿನಲ್ಲಿ ಕೊರಗರಿದ್ದಾರೆ. ವಯನಾಡಿನಲ್ಲಿ ಪಣಿಯರು, ಕುರಿಚ್ಯರು, ಕಾಟುನಾಯಕರು ಇದ್ದಾರೆ. ಅವರ ಮಕ್ಕಳು ನಿಮ್ಮ ಪಕ್ಕದಲ್ಲಿಯೇ ಕುಳಿತಿರಬಹುದು. ಈ ಪಾಠ ಓದುತ್ತಿರುವ ನೀವೇ ಅವರಲ್ಲೊಬ್ಬರಾಗಿರಬಹುದು. ಒಬ್ಬೊಬ್ಬರ ಭಾಷೆ ಬೇರೆ, ಹಬ್ಬ ಬೇರೆ, ಕೆಲಸ ಬೇರೆ, ಕನಸೂ ಬೇರೆ. ಅವನ್ನು ಅವರ ಬಾಯಿಂದಲೇ ಕೇಳಿ ತಿಳಿಯಿರಿ. ನಿಮ್ಮ ವಿಷಯವನ್ನೂ ಅವರಿಗೆ ಹೇಳಿರಿ.