ಗಣಕಯಂತ್ರಕ್ಕೆ ಪದಗಳನ್ನು ಕೊಟ್ಟ ಗ್ರೇಸ್ ಹಾಪರ್

ಗಣಕಯಂತ್ರದ ಮುಂದೆ ಕುಳಿತು ನಾವು ಒಂದು ಆದೇಶದ ಪದವನ್ನು ಬೆರಳಚ್ಚಿಸಿದರೆ, ಅದು ಕೂಡಲೇ ತಕ್ಕ ಕೆಲಸವನ್ನು ಮಾಡಿ ತೋರಿಸುತ್ತದೆ. ಆ ಪದದ ಅರ್ಥ ಯಂತ್ರಕ್ಕೆ ತಿಳಿದಿದೆಯೆಂದು ನಮಗೆ ತೋರುವುದು ಸಹಜ. ವಾಸ್ತವವಾಗಿ ಯಂತ್ರಕ್ಕೆ ಯಾವ ಭಾಷೆಯೂ ಬಾರದು. ಭಾಷೆ ಬಾರದ ಯಂತ್ರವನ್ನೂ ಪದಗಳಿಂದ ದುಡಿಸಿಕೊಳ್ಳಬಹುದೆಂದು ತೋರಿಸಿಕೊಟ್ಟವರಲ್ಲಿ ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ ಅಗ್ರಗಣ್ಯರು.

ಗ್ರೇಸ್ ಅವರು 1906ನೆಯ ಇಸವಿಯ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಯಂತ್ರಗಳ ಒಳಗನ್ನು ಕಾಣುವ ಕುತೂಹಲ ಅವರಿಗೆ ಬಾಲ್ಯದಿಂದಲೂ ಇದ್ದಿತು. ಏಳರ ವಯಸ್ಸಿನಲ್ಲಿ, ಅಲಾರಾಂ ಗಡಿಯಾರ ಹೇಗೆ ನಡೆಯುವುದೆಂದು ತಿಳಿಯಲು ಒಂದರ ಮೇಲೊಂದರಂತೆ ಮನೆಯ ಏಳು ಗಡಿಯಾರಗಳನ್ನು ಬಿಚ್ಚಿಹಾಕಿದರು. ಇನ್ನು ಮುಂದೆ ಒಂದೇ ಗಡಿಯಾರದಲ್ಲಿ ತೃಪ್ತಿಪಡಬೇಕೆಂದು ತಾಯಿ ಕಟ್ಟುಮಾಡಬೇಕಾಯಿತು. ಮುಂದೆ ಅವರು ವ್ಯಾಸಾರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳನ್ನು ವ್ಯಾಸಂಗ ಮಾಡಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪದವಿ ಪಡೆದರು. ತಾವು ಓದಿದ ವ್ಯಾಸಾರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ನೌಕಾಪಡೆಗೆ ಸೇರಲು ಅವರ ವಯಸ್ಸು ಹೆಚ್ಚಾಗಿತ್ತು. ದೇಹದ ತೂಕ ನಿಯಮಕ್ಕಿಂತ 15 ಪೌಂಡು ಕಡಿಮೆಯಿತ್ತು. ಆದರೂ ಹಟ ಬಿಡದೆ ವಿಶೇಷ ಅನುಮತಿ ಪಡೆದು 1943ರಲ್ಲಿ ಸೇರಿಯೇ ಬಿಟ್ಟರು. ಮರುವರ್ಷ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್-1 ಎಂಬ ಗಣಕಯಂತ್ರದ ಕೆಲಸಕ್ಕೆ ನೇಮಿಸಲಾಯಿತು. ಅದು 51 ಅಡಿ ಉದ್ದದ, 8 ಅಡಿ ಎತ್ತರದ ದೈತ್ಯ ಯಂತ್ರ. ಕಾಗದದ ಪಟ್ಟಿಯಲ್ಲಿ ರಂಧ್ರಗಳನ್ನು ಕೊರೆದು ಅದಕ್ಕೆ ಆದೇಶಗಳನ್ನು ಉಣಿಸಬೇಕಾಗಿತ್ತು.

ಆ ಕಾಲದಲ್ಲಿ ಯಂತ್ರಕ್ಕೆ ಕೊಡುವ ಪ್ರತಿಯೊಂದು ಆದೇಶವೂ ಸಂಕೇತಗಳ ರೂಪದಲ್ಲಿರಬೇಕಾಗಿತ್ತು. ಒಮ್ಮೆ ಸರಿಯಾಗಿ ನಡೆದ ಆದೇಶಗಳ ಸರಣಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮತ್ತೆ ಬೇಕಾದಾಗ ಕೈಯಿಂದ ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ಮನುಷ್ಯನು ತಪ್ಪುತ್ತಾನೆ, ಯಂತ್ರ ತಪ್ಪುವುದಿಲ್ಲ. ಹಾಗಾದರೆ ಆ ಕೆಲಸವನ್ನು ಯಂತ್ರಕ್ಕೇ ಏಕೆ ವಹಿಸಬಾರದು? 1949ರಲ್ಲಿ ಫಿಲಡೆಲ್ಫಿಯದ ಗಣಕಯಂತ್ರ ಸಂಸ್ಥೆಯೊಂದನ್ನು ಸೇರಿದ ಹಾಪರ್ ಅವರು ಈ ಪ್ರಶ್ನೆಯನ್ನು ಬೆನ್ನುಹತ್ತಿದರು. ಪ್ರತಿಯೊಂದು ಸರಣಿಗೂ ಒಂದು ಸಂಖ್ಯೆಯನ್ನಿತ್ತು, ಆ ಸಂಖ್ಯೆಯನ್ನು ಸೂಚಿಸಿದೊಡನೆ ಯಂತ್ರವೇ ಸರಣಿಯನ್ನು ಹುಡುಕಿ ಜೋಡಿಸಿಕೊಳ್ಳುವ ಏರ್ಪಾಡನ್ನು 1952ರಲ್ಲಿ ಸಿದ್ಧಪಡಿಸಿದರು. ಇದೇ ಎ-0 ಎಂಬ ಕಂಪೈಲರ್. ಯಂತ್ರವು ಲೆಕ್ಕವನ್ನಷ್ಟೇ ಮಾಡಬಲ್ಲದೆಂದು ನಂಬಿದ್ದ ಜನ ಮೊದಮೊದಲು ಅದನ್ನು ಮುಟ್ಟಲೇ ಇಲ್ಲ.

ಹಾಪರ್ ಅವರ ದೃಷ್ಟಿ ಇನ್ನೂ ಮುಂದಕ್ಕೆ ಹೋಗಿತ್ತು. ವ್ಯಾಪಾರದ ಕಚೇರಿಗಳಲ್ಲಿ ಲೆಕ್ಕಪತ್ರ ಇಡುವವರು ಗಣಿತದ ಸಂಕೇತಗಳಿಗೆ ಅಂಜುತ್ತಿದ್ದರು. ಅವರಿಗೂ ಯಂತ್ರ ದಕ್ಕಬೇಕಾದರೆ ಅವರು ಬಲ್ಲ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡುವಂತಿರಬೇಕು. ಯಂತ್ರಕ್ಕೆ ಇಂಗ್ಲಿಷ್ ಅರ್ಥವಾಗುವುದಿಲ್ಲವೆಂದು ಹಲವರು ತಳ್ಳಿಹಾಕಿದರು. ಆದರೆ ಅರ್ಥವಾಗಬೇಕಾದ ಅಗತ್ಯವಾದರೂ ಏನು? ಕೂಡು, ಹೋಲಿಸು, ಓದು ಮುಂತಾದ ಕೆಲವೇ ಪದಗಳ ಒಂದು ಕೋಷ್ಟಕವನ್ನು ಯಂತ್ರದಲ್ಲಿ ಇರಿಸಿ, ಪ್ರತಿಯೊಂದು ಪದದ ಎದುರು ಅದರ ಕೆಲಸವನ್ನು ಗುರುತಿಸಿದರಾಯಿತು. ಮನುಷ್ಯನು ಕೊಟ್ಟ ಪದವನ್ನು ಯಂತ್ರವು ಕೋಷ್ಟಕದ ಪದಗಳೊಡನೆ ಹೋಲಿಸುತ್ತದೆ. ಹೊಂದಿದರೆ ಎದುರಿಗಿರುವ ಕೆಲಸವನ್ನು ಮಾಡುತ್ತದೆ. ಹೊಂದದಿದ್ದರೆ ತಪ್ಪೆಂದು ತಿಳಿಸುತ್ತದೆ.

ಇದನ್ನು ಮನಗಾಣಿಸಲು ಹಾಪರ್ ಅವರ ತಂಡವು ಒಂದು ಪ್ರಯೋಗವನ್ನು ಮಾಡಿ ತೋರಿಸಿತು. ಒಂದೇ ಆದೇಶಸರಣಿಯನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಪದಗಳಲ್ಲಿ ಬರೆದರು. ಕೋಷ್ಟಕದ ಪದಗಳಷ್ಟೇ ಬದಲಾದುವು. ಯಂತ್ರ ಮಾಡಿದ ಕೆಲಸ ಬದಲಾಗಲಿಲ್ಲ. ಪರಿಣಾಮ ಮಾತ್ರ ಅನಿರೀಕ್ಷಿತವಾಯಿತು. ಅಮೆರಿಕದಲ್ಲಿ ತಯಾರಾದ ಯಂತ್ರ ಫ್ರೆಂಚನ್ನೂ ಜರ್ಮನನ್ನೂ ಅರಿಯುವುದು ಹೇಗೆ ಸಾಧ್ಯವೆಂದು ಮೇಲಧಿಕಾರಿಗಳು ದಿಗಿಲುಗೊಂಡರು. ಇಂಗ್ಲಿಷ್ ಪದಗಳನ್ನು ಮಾತ್ರ ಬಳಸುವೆವೆಂದು ಅವರನ್ನು ಒಪ್ಪಿಸಲು ತಿಂಗಳುಗಳೇ ಬೇಕಾದುವು. ಯಂತ್ರಕ್ಕೆ ತಿಳಿಸುವುದಕ್ಕಿಂತ ಮನುಷ್ಯರಿಗೆ ತಿಳಿಸುವುದೇ ಕಷ್ಟವಾಯಿತು. ಹಾಗಿದ್ದೂ ಅವರು ಕೈಚೆಲ್ಲಲಿಲ್ಲ. ಹೀಗೆ ಫ್ಲೋ-ಮ್ಯಾಟಿಕ್ ಎಂಬ ಭಾಷೆ ರೂಪುಗೊಂಡಿತು. 1959ರಲ್ಲಿ ಆರಂಭವಾಗಿ ವ್ಯಾಪಾರ ಜಗತ್ತಿನಲ್ಲೆಲ್ಲ ಹಬ್ಬಿದ ಕೋಬಾಲ್ ಭಾಷೆಗೆ ಅದು ಮುಖ್ಯ ಆಧಾರವಾಯಿತು.

ತರುವಾಯ ಬಂದ ಭಾಷೆಗಳಲ್ಲಿಯೂ ಪದಕೋಷ್ಟಕದ ತತ್ತ್ವ ಉಳಿದಿದೆ. 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಅವರು ರೂಪಿಸಿದ ಸಿ ಭಾಷೆಗೆ 1989ರಲ್ಲಿ ಗೊತ್ತುಪಡಿಸಿದ ಮೀಸಲು ಪದಗಳು 32 ಮಾತ್ರ. ಈ ಭಾಷೆಯಲ್ಲಿ ಬರೆದ ಕಾರ್ಯಕ್ರಮವು ಬಳಕೆದಾರನಿಂದ ಪದವನ್ನು ಪಡೆಯುವುದಾದರೆ, ಅದನ್ನು ಕೋಷ್ಟಕದ ಪ್ರತಿಯೊಂದು ಪದದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಒಂದು ಸಣ್ಣ ಅಕ್ಷರದ ಬದಲು ದೊಡ್ಡ ಅಕ್ಷರ ಬಂದರೂ ಎರಡೂ ಬೇರೆ ಪದಗಳೆಂದೇ ಯಂತ್ರ ತಿಳಿಯುತ್ತದೆ. ಊಹಿಸುವ ಶಕ್ತಿ ಅದಕ್ಕಿಲ್ಲ; ಆದುದರಿಂದ ಮುಂದಾಲೋಚನೆಯ ಹೊಣೆ ಕೋಷ್ಟಕವನ್ನು ರಚಿಸುವ ಮನುಷ್ಯನದೇ.

ಹಾಪರ್ ಅವರು 1966ರಲ್ಲಿ ನೌಕಾಪಡೆಯಿಂದ ನಿವೃತ್ತರಾದರೂ ಮರುವರ್ಷವೇ ಅವರಿಗೆ ಮರಳಿ ಕರೆ ಬಂದಿತು. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ಅಂತಿಮವಾಗಿ ನಿವೃತ್ತರಾದರು. ಅವರ ಕಚೇರಿಯ ಗೋಡೆಯ ಮೇಲೆ ಮುಳ್ಳುಗಳು ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದಿತ್ತು. ಅದು ತೋರಿಸುತ್ತಿದ್ದ ಸಮಯ ಸರಿಯಾಗಿಯೇ ಇರುತ್ತಿತ್ತು. ಹಿಂದಿನಿಂದ ನಡೆದುಬಂದುದೊಂದೇ ದಾರಿಯಲ್ಲವೆಂಬುದನ್ನು ಬಂದವರಿಗೆ ಅದು ಮೌನವಾಗಿ ತಿಳಿಸುತ್ತಿತ್ತು. 1992ನೆಯ ಇಸವಿಯ ಜನವರಿ 1ರಂದು ಅವರು ನಿಧನರಾದರು. ಕೆಲವೇ ಪಂಡಿತರ ಸೊತ್ತಾಗಿದ್ದ ಯಂತ್ರವನ್ನು ಸಾಮಾನ್ಯರ ಪದಗಳಿಗೆ ಒಗ್ಗಿಸಿದ ಹಿರಿಮೆ ಅವರದು.