ಯಂತ್ರಕ್ಕೆ ಲಯ ಕಲಿಸಿದ ಜೆ ಡಿಲ್ಲಾ

ವಾಷಿಂಗ್ಟನ್ನಿನಲ್ಲಿರುವ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಒಂದು ಪೆಟ್ಟಿಗೆಯಿದೆ. ಅದಕ್ಕೆ ತಂತಿಯಿಲ್ಲ, ತೊಗಲಿಲ್ಲ, ಊದುವ ರಂಧ್ರವಿಲ್ಲ. ಮೈಮೇಲೆ 16 ರಬ್ಬರ್ ಗುಂಡಿಗಳು, ಒಂದು ಸಣ್ಣ ಪರದೆ, ಫ್ಲಾಪಿ ತೂರಿಸಲು ಸೀಳು. ಅದು ಅಕಾಯ್ ಕಂಪನಿಯ ಎಂಪಿಸಿ-3000 ಎಂಬ ಸ್ಯಾಂಪ್ಲರ್. ನುಡಿಸಿದವರು ಜೇಮ್ಸ್ ಡೆವಿಟ್ ಯಾನ್ಸಿ; ಸಂಗೀತಲೋಕಕ್ಕೆ ಜೆ ಡಿಲ್ಲಾ. ಬದುಕಿದ್ದು 32 ವರ್ಷ, ಮೂರು ದಿನ.

ಹುಟ್ಟಿದ್ದು 1974ರ ಫೆಬ್ರವರಿ 7ರಂದು, ಮೋಟಾರು ಕಾರ್ಖಾನೆಗಳ ನಗರಿ ಡೆಟ್ರಾಯಿಟ್‌ನಲ್ಲಿ. ತಂದೆ ಜಾಝ್ ಬೇಸ್ ವಾದಕ. ತಾಯಿ ಮೌರೀನ್ ಒಪೆರಾ ಹಾಡುತ್ತಿದ್ದವರು. ಹುಡುಗ ಬೆಳೆದದ್ದು ಕೊನಾಂಟ್ ಗಾರ್ಡನ್ಸ್ ಬಡಾವಣೆಯಲ್ಲಿ. ಪಾರ್ಲಿಮೆಂಟ್-ಫಂಕಡೆಲಿಕ್ ಬಳಗದ ಕೀಬೋರ್ಡ್ ವಾದಕ ಆ್ಯಂಪ್ ಫಿಡ್ಲರ್ ಅವರೇ ಅವನಿಗೆ ಎಂಪಿಸಿ-60ರ ಮೇಲೆ ಕೈ ಇಡಲು ಕಲಿಸಿದ ಗುರು.

ಸ್ಯಾಂಪ್ಲರ್ ಎಂದರೆ ತನ್ನದೇ ನಾದವಿಲ್ಲದ ವಾದ್ಯ. ಹಳೆಯ ಗ್ರಾಮಫೋನ್ ತಟ್ಟೆಯಲ್ಲಿರುವ ಡ್ರಮ್ಮಿನ ಒಂದು ಏಟು, ಪಿಯಾನೋದ ಎರಡು ಸ್ವರ, ಗಾಯಕಿಯ ಅರ್ಧ ಉಸಿರು, ಯಾವುದನ್ನಾದರೂ ಒಳಗೆ ಮುದ್ರಿಸಿಕೊಳ್ಳಬೇಕು. ಅದರ ತಲೆ ಬಾಲ ಕತ್ತರಿಸಿ, ಬೇಕಾದ ತುಣುಕನ್ನು ಒಂದೊಂದು ಗುಂಡಿಗೆ ಹಂಚಬೇಕು. ಆಮೇಲೆ ಬೆರಳಿನಿಂದ ನುಡಿಸಬೇಕು. ಕಷ್ಟವಿದ್ದದ್ದು ಯಂತ್ರದ ಜಿಪುಣತನದಲ್ಲಿ. ಡಿಲ್ಲಾ ಪಳಗಿಸಿಕೊಂಡಿದ್ದ ಎಸ್‌ಪಿ-1200 ಯಂತ್ರದಲ್ಲಿ ಹಿಡಿಯುತ್ತಿದ್ದುದು ಒಟ್ಟು 10 ಸೆಕೆಂಡುಗಳ ಧ್ವನಿ ಮಾತ್ರ! ಆ ಕಾಲದ ಜಾಣರು 33ರ ವೇಗದ ತಟ್ಟೆಯನ್ನು 45ರಲ್ಲಿ ಓಡಿಸಿ ಮುದ್ರಿಸಿ, ಬಳಿಕ ಒಳಗೇ ಶ್ರುತಿ ಇಳಿಸಿ, ಸೆಕೆಂಡುಗಳನ್ನು ಉಳಿಸುತ್ತಿದ್ದರು. ಹಾಗೆ ನಾದಕ್ಕೆ ಅಂಟಿದ ಒರಟುತನವೇ ಹಿಪ್‌ಹಾಪ್‌ನ ಗುರುತಾಯಿತು.

1994ರಲ್ಲಿ ಬಂದ ಎಂಪಿಸಿ-3000 ಸಿಡಿಯಷ್ಟೇ ನಿಚ್ಚಳವಾಗಿ ಮುದ್ರಿಸಬಲ್ಲದಾಗಿತ್ತು. ಆದರೆ ಗುಂಡಿ ಆರಿಸಿದರೆ ಸ್ಮರಣೆಯೆಲ್ಲ ಖಾಲಿ. ದಿನದ ದುಡಿಮೆಯನ್ನು ಫ್ಲಾಪಿಗೆ ಇಳಿಸಲೇಬೇಕು. ಒಂದು ಫ್ಲಾಪಿಗೆ ಸುಮಾರು 16 ಸೆಕೆಂಡುಗಳ ಮೋನೋ ಧ್ವನಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಇಲ್ಲಿ ಕಲೆಯ ಭಾಗವೇ.

ಈ ಯಂತ್ರಗಳಲ್ಲಿ ಕ್ವಾಂಟೈಸ್ ಎಂಬ ಸೌಕರ್ಯವಿದೆ. ಬೆರಳು ತುಸು ಹಿಂದೆ ಮುಂದೆ ಬಿದ್ದರೂ ಏಟನ್ನು ಎಳೆದು ತಾಳದ ಗೆರೆಯ ಮೇಲೆ ಕೂರಿಸುತ್ತದೆ. ಡಿಲ್ಲಾ ಅದನ್ನು ಆರಿಸಿಟ್ಟು ನುಡಿಸಿದರು, ಅಷ್ಟೇ ಗುಟ್ಟು ಎಂಬ ಮಾತು ಅಭಿಮಾನಿಗಳಲ್ಲಿ ಬಹುಕಾಲ ಓಡಾಡಿತು. ಅವರ ದುಡಿಮೆಯನ್ನು ಕಿರಿದು ಮಾಡುವ ಮಾತದು. 2022ರಲ್ಲಿ ಡ್ಯಾನ್ ಚಾರ್ನಾಸ್ ಬರೆದ ‘ಡಿಲ್ಲಾ ಟೈಮ್’ ಗ್ರಂಥ ಬೇರೆಯದನ್ನೇ ತೋರಿಸಿತು. ಒಂದೇ ಆವರ್ತದಲ್ಲಿ ಕೆಲವು ನಾದಗಳನ್ನು ನೇರ ಗತಿಯಲ್ಲಿಟ್ಟು, ಕೆಲವಕ್ಕೆ ತೂಗಾಟದ ಗತಿ ಕೊಟ್ಟು, ಸ್ನೇರ್ ಏಟನ್ನು ಕೂದಲೆಳೆಯಷ್ಟು ಮುಂಚೆ ತಂದು, ಎಲ್ಲವನ್ನೂ ಬೇಕೆಂದೇ ಅವರು ಜೋಡಿಸುತ್ತಿದ್ದರು. ಅತೀತ, ಅನಾಗತ ಎಡುಪುಗಳನ್ನು ಬಲ್ಲ ನಮ್ಮ ಕೇಳುಗರಿಗೆ ಇದು ತೀರ ಅಪರಿಚಿತವೆನಿಸದು. ಆದರೆ ಅವು ಎಣಿಕೆಗೆ ಸಿಗುವ ಅಂತರಗಳು. ಡಿಲ್ಲಾ ಅವರದು ಬೆರಳೆಣಿಕೆಗೆ ಸಿಗದೆ ಕಿವಿಗೆ ಮಾತ್ರ ಸಿಗುವಂಥದು.

1994ರಲ್ಲಿ ಫಿಡ್ಲರ್ ಮೂಲಕ ಕ್ಯೂ-ಟಿಪ್ ಪರಿಚಯವಾದ ಮೇಲೆ ಬಾಗಿಲುಗಳು ತೆರೆದವು. ಫಾರ್ಸೈಡ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ಕಾಮನ್ ಮೊದಲಾದವರಿಗೆ ಅವರು ಸಂಗೀತ ಕಟ್ಟಿದರು. ಊರಿನ ಗೆಳೆಯರ ಸ್ಲಮ್ ವಿಲೇಜ್ ತಂಡವೂ ಇತ್ತು. ಸೋಜಿಗವೆಂದರೆ, ಕ್ವೆಸ್ಟ್‌ಲವ್ ಅವರಂಥ ಪಳಗಿದ ಡ್ರಮ್ ವಾದಕರು ತಮ್ಮ ಕೈಯ ಅಚ್ಚುಕಟ್ಟನ್ನು ಮರೆತು, ಯಂತ್ರದಿಂದ ಹೊರಟ ಆ ಓಲಾಟವನ್ನು ಅಭ್ಯಾಸ ಮಾಡಿದರು. 2000ದಲ್ಲಿ ಬಂದ ಡಿ'ಆ್ಯಂಜೆಲೊ ಅವರ ‘ವೂಡೂ’ ಕೇಳಿದವರಿಗೆ ಇದರ ಅರ್ಥ ಹೊಳೆಯುತ್ತದೆ.

ಅಷ್ಟರಲ್ಲಿ ದೇಹ ಸೋಲತೊಡಗಿತ್ತು. ಟಿಟಿಪಿ ಎಂಬ ಅಪರೂಪದ ರಕ್ತದ ಕಾಯಿಲೆ, ಜೊತೆಗೆ ಲೂಪಸ್. 2004ರಲ್ಲಿ ಲಾಸ್ ಏಂಜಲೀಸ್‌ಗೆ ನೆಲೆ ಬದಲಿಸಿದರೂ ಆಸ್ಪತ್ರೆಯ ಅಲೆದಾಟ ತಪ್ಪಲಿಲ್ಲ. 2005ರ ಕೊನೆಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ಯುರೋಪ್ ಪ್ರವಾಸ ಮುಗಿಸಿದರು. ಬೆರಳುಗಳು ಊದಿಕೊಂಡಾಗ ತಾಯಿ ನೀವಿಕೊಡುತ್ತಿದ್ದರು. ಮಗ ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. ‘ಡೋನಟ್ಸ್’ ಆಲ್ಬಮ್ಮನ್ನು ಇಡಿಯಾಗಿ ಆಸ್ಪತ್ರೆಯ ಮಂಚದಲ್ಲೇ ರಚಿಸಿದರೆಂಬ ಕಥೆ ಜನಪ್ರಿಯ. ಅದರ ಬಹುಭಾಗ ಮನೆಯಲ್ಲೇ ಸಿದ್ಧವಾಗಿತ್ತೆಂಬುದು ನಂತರದ ಶೋಧನೆ. ಅದರಿಂದ ಕೃತಿಯ ತೂಕವೇನೂ ತಗ್ಗುವುದಿಲ್ಲ.

ಅದರಲ್ಲಿ 31 ತುಣುಕುಗಳಿವೆ. ಹೆಚ್ಚಿನವು ಒಂದೆರಡು ನಿಮಿಷವೂ ಮೀರುವುದಿಲ್ಲ. ಮೊದಲ ತುಣುಕಿಗೆ ಮುಕ್ತಾಯ ಎಂಬರ್ಥದ ಹೆಸರು. ಕೊನೆಯದು ಮತ್ತೆ ಮೊದಲಿಗೇ ಹರಿದು ಸೇರುತ್ತದೆ. 2006ರ ಫೆಬ್ರವರಿ 7, ಅವರ ಹುಟ್ಟುಹಬ್ಬದಂದೇ ಅದು ಬಿಡುಗಡೆಯಾಯಿತು. 10ರಂದು ಲಾಸ್ ಏಂಜಲೀಸ್‌ನ ಮನೆಯಲ್ಲಿ ಡಿಲ್ಲಾ ಕೊನೆಯುಸಿರೆಳೆದರು.